ಆಲ್ ಕ್ವೈಟ್ ಆನ್ ದ ವೆಸ್ಟರ್ನ್ ಫ್ರಂಟ್ (2022): ಕೊನೆಯ ಆ ದಾಳಿ ಬೇಕಿತ್ತಾ?

ಅರ್ಧಟಿಕೆಟ್:
ಕ್ಲೈಮ್ಯಾಕ್ಸ್ ಬಗ್ಗೆಯೇ ಕೇಳುತ್ತಿದ್ದೇನೆ, ನೋಡದೇ ಇರುವವರು ಮುಂದೆ ಓದಬೇಡಿ.

ಮೊದಲ ಮಹಾಯುದ್ಧಕ್ಕೆ ಹೋದ ಪೌಲ್ ಅನ್ನುವ ಜರ್ಮನ್ ಹುಡುಗನ ಕಥೆಯ ಈ ಸಿನಿಮಾದ ಬಹುಪಾಲು ನನಗೆ ತುಂಬಾ ಹಿಡಿಸಿತು. ಶುರುವಿನಲ್ಲೇ ಸತ್ತವನ ಸಮವಸ್ತ್ರ ಬಿಚ್ಚಿ, ರಕ್ತ ತೊಳೆದು, ತೂತು ಹೊಲಿದು, ಅದನ್ನೇ ಹೊಸದಾಗಿ ಸೇರಿದ ಪೌಲ್‌ಗೆ ಕೊಡುತ್ತಾರಲ್ಲ, ಇದರಲ್ಲಿ ಬೇರೆ ಯಾರದ್ದೋ ಹೆಸರಿದೆ ಅಂತ ಅವನು ಕೇಳಿದರೆ ಆ ಹೆಸರಿನವನಿಗೆ ಸಣ್ಣದಾಗಿರಬೇಕು ಅಂತ ಹೇಳಿ ಆ ಚೀಟಿ ಕಿತ್ತು ಹಾಕುತ್ತಾರಲ್ಲ, ಅಷ್ಟರಲ್ಲೇ ಇಡೀ ಯುದ್ಧ ಅರ್ಥವಾಗಿ ಹೋಯಿತು.

ಆದರೆ ಕೊನೆ? 1918ರ ನವೆಂಬರ್ 11. ಬೆಳಗಿನ ಜಾವವೇ ಕದನವಿರಾಮದ ಒಪ್ಪಂದಕ್ಕೆ ಸಹಿ ಬಿದ್ದಿದೆ, 11 ಗಂಟೆಗೆ ಯುದ್ಧ ಮುಗಿಯುತ್ತದೆ. ಅಷ್ಟರಲ್ಲಿ ಆ ಜರ್ಮನ್ ಜನರಲ್‌ಗೆ ಸೋತು ಮನೆಗೆ ಹೋಗಲು ಅವಮಾನ, 10.45ಕ್ಕೆ ದಾಳಿ ಮಾಡಿ ಅನ್ನುತ್ತಾನೆ. ಇನ್ನೇನು ಮುಗಿಯಿತು ಅನ್ನುವಾಗ ಪೌಲ್‌ಗೆ ಹಿಂದಿನಿಂದ ಬಯೋನೆಟ್ ಇರಿತ. ಅಳು ಬಂತು, ಸುಳ್ಳು ಹೇಳುವುದಿಲ್ಲ. ಜೊತೆಗೇ ಸಿಟ್ಟೂ ಬಂತು, ನನ್ನನ್ನು ಅಳಿಸಬೇಕು ಅಂತಲೇ ಗಡಿಯಾರ ನೋಡಿಕೊಂಡು ಕೊಂದರಲ್ಲ ಅಂತ. ಸಿನಿಮಾಕ್ಕೆ ಮೂಲವಾದ ರೆಮಾರ್ಕ್ ಕಾದಂಬರಿಯಲ್ಲಿ ಪೌಲ್ ಸಾಯುವುದು ಅಕ್ಟೋಬರ್‌ನಲ್ಲಿ, ಏನೂ ನಡೆಯದ ಒಂದು ದಿನ. ಅಲ್ಲಿಯವರೆಗೆ ತನ್ನ ಕಥೆ ತಾನೇ ಹೇಳುತ್ತಿದ್ದವನ ಬಗ್ಗೆ ಇನ್ಯಾರೋ ನಾಲ್ಕು ಸಾಲು ಹೇಳಿ ಮುಗಿಸುತ್ತಾರೆ. ಸೈನ್ಯದ ವರದಿಯಲ್ಲಿ ಅವನ ಸುದ್ದಿಯೇ ಇಲ್ಲ. ಅದು ಇದಕ್ಕಿಂತ ಕ್ರೂರ ಅಲ್ವಾ? ನಿಮಗೆ ಹೇಗನ್ನಿಸಿತು?

ಹಳೇರೀಲು:
ನನಗೂ ಅಲ್ಲೇ ತಲೆ ಕೆಟ್ಟಿದ್ದು. ಜರ್ಮನಿ ಆಗ ಇದ್ದ ಸ್ಥಿತಿ ನೋಡಿ. ಕೀಲ್ ಬಂದರಿನಲ್ಲಿ ನಾವಿಕರು ದಂಗೆ ಎದ್ದಾಗಿತ್ತು, ನವೆಂಬರ್ 9ಕ್ಕೆ ಚಕ್ರವರ್ತಿಯ ಆಳ್ವಿಕೆಯೂ ಮುಗಿದಿತ್ತು, ಸೈನ್ಯ ಹಿಂದೆ ಸರಿಯುತ್ತಿತ್ತು. ಇಂಥ ಹೊತ್ತಲ್ಲಿ ಹದಿನೈದು ನಿಮಿಷ ಬಾಕಿ ಇರುವಾಗ ಅಷ್ಟು ದೊಡ್ಡ ದಾಳಿಗೆ ಹೊರಡಿ ಅಂದರೆ ಹುಡುಗರು ಹೊರಡುತ್ತಿದ್ದರಾ? ಆ ಬೆಳಗ್ಗೆ ಮುನ್ನುಗ್ಗುತ್ತಿದ್ದವರು ಹೆಚ್ಚಾಗಿ ಆಚೆ ಕಡೆಯವರು, ಅದರಲ್ಲೂ ಅಮೆರಿಕದವರು. ಸಿನಿಮಾ ಅದನ್ನು ತಿರುಗಿಸಿ ಹಾಕಿದೆ. ಇನ್ನೊಂದು, ಎಲ್ಲ ತಪ್ಪನ್ನೂ ಒಬ್ಬ ಮುದುಕನ ತಲೆಗೆ ಕಟ್ಟಿದರೆ ಉಳಿದವರೆಲ್ಲ ಪಾರಾದ ಹಾಗೆ. ಮನೆಯಲ್ಲಿ ಕೂತು ಹುಡುಗರನ್ನು ಹುರಿದುಂಬಿಸಿ ಕಳಿಸಿದ ಮೇಷ್ಟ್ರು, ಅಪ್ಪಂದಿರು ಎಲ್ಲಿ ಹೋದರು? ಪೌಲ್ ರಜೆಗೆ ಊರಿಗೆ ಹೋಗುವ ಭಾಗವನ್ನೇ ಇದರಲ್ಲಿ ಕಿತ್ತು ಹಾಕಿದ್ದಾರೆ.

ಕತ್ತಲೆಸಾಲು:
ನಾನು ಒಪ್ಪುವುದಿಲ್ಲ. ಆ ದಾಳಿ ಕಟ್ಟುಕಥೆ ಇರಬಹುದು, ಆ ಸಾವು ಕಟ್ಟುಕಥೆ ಅಲ್ಲ. ಸಹಿಯಾದದ್ದು ಬೆಳಗ್ಗೆ ಸುಮಾರು 5ಕ್ಕೆ, ಜಾರಿಗೆ ಬಂದದ್ದು 11ಕ್ಕೆ. ನಡುವಿನ ಆರು ಗಂಟೆಯಲ್ಲಿ ಸಾವಿರಾರು ಜನ ಸತ್ತರು, ಗಾಯಗೊಂಡರು. ಹೆನ್ರಿ ಗುಂಥರ್ ಅನ್ನುವ ಅಮೆರಿಕದ ಸೈನಿಕ 10.59ಕ್ಕೆ ಸತ್ತ. ಜರ್ಮನ್ನರ ಮೆಷಿನ್ ಗನ್ ಕಡೆಗೆ ಓಡುತ್ತಿದ್ದವನಿಗೆ ಹಿಂದೆ ಹೋಗು ಅಂತ ಜರ್ಮನ್ನರೇ ಕೈ ಬೀಸಿದ್ದರು! ಫ್ರೆಂಚರ ಒಗಸ್ಟಿನ್ ಟ್ರೆಬುಶಾನ್‌ದು ಇನ್ನೂ ಕಷ್ಟ. ಅವನು ಸುದ್ದಿ ಮುಟ್ಟಿಸುವವನು, ಯುದ್ಧ ಮುಗಿದ ಮೇಲೆ ಊಟಕ್ಕೆ ಎಲ್ಲಿ ಸೇರಬೇಕು ಅನ್ನುವ ಸಂದೇಶ ಹೊತ್ತು ಹೊರಟಿದ್ದ, ದಾರಿಯಲ್ಲೇ ಗುಂಡು ಬಿತ್ತು. ಅವನ ಸಮಾಧಿಯ ಮೇಲೆ ತಾರೀಕು ನವೆಂಬರ್ 10 ಅಂತಿದೆ. ಕೊನೆಯ ದಿನ ಸತ್ತ ಅಂತ ಬರೆಯುವುದಕ್ಕೂ ಹಿಂಜರಿದರು ನೋಡಿ. ಇದನ್ನು ಯಾರಾದರೂ ಸಿನಿಮಾದಲ್ಲಿ ತೋರಿಸಿದ್ದರೆ ಅತಿಯಾಯಿತು ಅಂತ ನೀವೇ ಬೈಯುತ್ತಿದ್ದಿರಿ.

ಮೂರನೇಬಾಗಿಲು:
ಜನರಲ್ ಬಗ್ಗೆ ಒಂದು ಮಾತು. ಅವನು ಸುಮ್ನೆ ವಿಲನ್ ಬೇಕು ಅಂತ ಬಂದವನಲ್ಲ ಅನ್ನಿಸುತ್ತದೆ. ಸಂಧಾನಕ್ಕೆ ಹೋದವರು ದೇಶ ಮಾರಿದರು ಅಂತ ಗೊಣಗುತ್ತಾನಲ್ಲ, ಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ಹಬ್ಬಿದ್ದು ಅದೇ ಸುಳ್ಳು. ನಾವು ರಣರಂಗದಲ್ಲಿ ಸೋಲಲಿಲ್ಲ, ನಮ್ಮವರೇ ಬೆನ್ನಿಗೆ ಚೂರಿ ಹಾಕಿದರು ಅಂತ. ಸಹಿ ಹಾಕಿದ ಎರ್ಜ್‌ಬರ್ಗರ್‌ನನ್ನು 1921ರಲ್ಲಿ ಕೊಂದೇ ಬಿಟ್ಟರು. ಕಾದಂಬರಿ ಬಂದದ್ದು 1929ರಲ್ಲಿ, ಮುಂದೆ ಆಗಲಿದ್ದುದೆಲ್ಲ ಆಗ ಗೊತ್ತಿರಲಿಲ್ಲ. ಈ ಸಿನಿಮಾ ಮಾಡಿದ ಜರ್ಮನ್ನರಿಗೆ ಗೊತ್ತು. ಹಾಗಾಗಿ ಆ ಪಾತ್ರ ಇರಲಿ. ಆದರೆ ಪೌಲ್‌ನನ್ನು ಅಲ್ಲಿಗೆ ಎಳೆದು ತಂದದ್ದು ಜಾಸ್ತಿಯಾಯಿತು. ಒಂದೇ ಬೆಳಗ್ಗೆ ಪೌಲ್‌ನ ಆಪ್ತ ಗೆಳೆಯ ಕಾಟ್‌ನನ್ನು ರೈತನ ಮಗ ಗುಂಡಿಟ್ಟು ಕೊಲ್ಲುತ್ತಾನೆ, ಅದರ ಬೆನ್ನಿಗೇ ಇದು. ಓದಲು ಬಾರದ ಕಾಟ್‌ಗೆ ಅವನ ಹೆಂಡತಿಯ ಪತ್ರವನ್ನು ಪೌಲ್ ಓದಿ ಹೇಳುವ ದೃಶ್ಯ ನೆನಪಿದೆಯಲ್ಲ? ಅವನನ್ನು ಕಳೆದುಕೊಂಡ ದುಃಖಕ್ಕೇ ಸ್ವಲ್ಪ ಹೊತ್ತು ಕೊಡಬೇಕಿತ್ತು. ನನಗೆ ಸಿನಿಮಾ ಅಲ್ಲೇ ಮುಗಿದಿತ್ತು.

ಹಳೇರೀಲು:
ಇದೇ ಕಾದಂಬರಿಯ 1930ರ ಸಿನಿಮಾ ನೋಡಿದ್ದೀರಾ ಯಾರಾದರೂ? ಅದರ ಕೊನೆಯಲ್ಲಿ ಪೌಲ್ ಕಂದಕದಿಂದ ಕೈ ಚಾಚಿ ಚಿಟ್ಟೆ ಮುಟ್ಟಲು ಹೋಗುತ್ತಾನೆ, ಗುಂಡಿನ ಸದ್ದು, ಕೈ ಒಮ್ಮೆ ಅದುರಿ ನಿಲ್ಲುತ್ತದೆ. ಮುಖವನ್ನೂ ತೋರಿಸುವುದಿಲ್ಲ. ಅಂದಹಾಗೆ ಆ ಕೈ ನಟನದ್ದಲ್ಲ, ನಿರ್ದೇಶಕರದ್ದೇ.

ಕತ್ತಲೆಸಾಲು:
ಚಿಟ್ಟೆ ಮಾತ್ರ ಅಳಿಸಲೆಂದೇ ಇಟ್ಟದ್ದಲ್ಲವೋ? ಅದೂ ಕಾದಂಬರಿಯ ಸಾವಿನಲ್ಲಿ ಇಲ್ಲ.

ಅರ್ಧಟಿಕೆಟ್:
ಹಹ್ಹ, ಅದೂ ಸರಿ. ಟ್ರೆಬುಶಾನ್ ವಿಷಯ ಗೊತ್ತಿರಲಿಲ್ಲ, ಓದಿ ಸ್ವಲ್ಪ ಹೊತ್ತು ಸುಮ್ಮನಾದೆ. 11 ಗಂಟೆಯ ವಿಷಯದಲ್ಲಿ ಈಗ ನನ್ನ ತಕರಾರಿಲ್ಲ. ಆದರೆ ನಿಜಕ್ಕೂ ಹೀಗೆ ನಡೆದಿತ್ತು ಅನ್ನುವುದು ಪೌಲ್‌ಗೂ ಹಾಗೇ ಆಗಬೇಕು ಅನ್ನುವುದಕ್ಕೆ ಕಾರಣವಾಗುವುದಿಲ್ಲ. ಆ ಸಾವನ್ನು, ಪೌಲ್ ಕಾಪಾಡಿದ ಹೊಸ ಹುಡುಗನಿಗೆ ಕೊಟ್ಟಿದ್ದರೆ? ನಮಗೆ ಅವನ ಹೆಸರೂ ಸರಿಯಾಗಿ ಗೊತ್ತಿರುವುದಿಲ್ಲ. ಪೌಲ್ ಬದುಕಿ, ಅವನ ಪಕ್ಕದಲ್ಲಿ ಕೂತಿದ್ದು, ಇನ್ನು ಮನೆಗೆ ಹೋಗಿ ಮಾಡುವುದೇನು ಅಂತ ಗೊತ್ತಾಗದೆ ಕೂತಿದ್ದರೆ ನನಗೆ ಅದು ಜಾಸ್ತಿ ನಾಟುತ್ತಿತ್ತು.

ಮೂರನೇಬಾಗಿಲು:
ಪೌಲ್ ಬದುಕಿದರೆ ಕಾದಂಬರಿ ಓದಿದವರು ನಿರ್ದೇಶಕರನ್ನು ಬಿಡುತ್ತಿದ್ದರಾ? ಆದರೂ ಆ ಸಿನಿಮಾ ಇದ್ದಿದ್ದರೆ ನಾನಂತೂ ನೋಡುತ್ತಿದ್ದೆ.