ಮಾತ್ರೆ ತಗೊಂಡರೆ ಮುಟ್ಟು ಬರುತ್ತದೆ, ಬಿಟ್ಟರೆ ನಿಲ್ಲುತ್ತದೆ: ಇದು ಪಿಸಿಓಡಿಯೇ?

ಚಿಕ್ಕಮ್ಮ_ದಾವಣಗೆರೆ:

ಅಕ್ಕನ ಮಗಳ ಬಗ್ಗೆ ಕೇಳುತ್ತಿದ್ದೇನೆ, ಅವಳ ಒಪ್ಪಿಗೆ ಪಡೆದೇ. ವಯಸ್ಸು 22, ಎತ್ತರ 155 ಸೆಂ.ಮೀ., ತೂಕ 61 ಕೆ.ಜಿ. ಮೊದಲ ಮುಟ್ಟು 13ಕ್ಕೆ. ಈ ವರ್ಷ ಮುಟ್ಟು ಶುರುವಾದ ದಿನಗಳು: ಜನವರಿ 4, ಫೆಬ್ರವರಿ 20, ಏಪ್ರಿಲ್ 11. ಆಮೇಲೆ ಬರಲೇ ಇಲ್ಲ. ಜುಲೈನಲ್ಲಿ ಮೆಡ್ರಾಕ್ಸಿಪ್ರೊಜೆಸ್ಟರಾನ್ 10 ಮಿ.ಗ್ರಾಂ. ಮಾತ್ರೆ 10 ದಿನ ಕೊಟ್ಟರು, ಜುಲೈ 14ಕ್ಕೆ ಬಂತು. ಆ ಸಲ 11 ದಿನ ಹೋಯಿತು, ಗಡ್ಡೆ ಗಡ್ಡೆಯಾಗಿ. ಮುಂದೆ ಎರಡು ಸಲ 16ನೇ ದಿನದಿಂದ 25ನೇ ದಿನದವರೆಗೆ ಅದೇ ಮಾತ್ರೆ. ಆಗಸ್ಟ್ 12, ಸೆಪ್ಟೆಂಬರ್ 10ಕ್ಕೆ ಬಂತು. ಮಾತ್ರೆ ನಿಂತಿತು, ಮುಟ್ಟೂ ನಿಂತಿತು. ಇವತ್ತು ನವೆಂಬರ್ 7.

ಜುಲೈನಲ್ಲಿ ಮಾತ್ರೆಗೆ ಮೊದಲು ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಬಲ ಅಂಡಾಶಯ 11.2 ಮಿ.ಲೀ., ಎಡ 9.4 ಮಿ.ಲೀ., ಅಂಚಿನಲ್ಲಿ ಸಣ್ಣ ಸಣ್ಣ ಕೋಶಗಳು, ಗರ್ಭಕೋಶದ ಒಳಪದರ 11 ಮಿ.ಮೀ. ರಕ್ತದಲ್ಲಿ ಥೈರಾಯ್ಡ್ ಸ್ಥಿತಿ ತೋರಿಸುವ ಟಿಎಸ್‌ಎಚ್ 3.1, ಪ್ರೊಲ್ಯಾಕ್ಟಿನ್ ಎಂಬ ಎದೆಹಾಲು ಬರಿಸುವ ಹಾರ್ಮೋನು 38 (ಲ್ಯಾಬ್‌ನವರ ಮಿತಿ 25), ಹಿಮೋಗ್ಲೋಬಿನ್ 10.4. ಗದ್ದದಲ್ಲಿ ಸ್ವಲ್ಪ ಕೂದಲು. ರಿಪೋರ್ಟ್ ಮೇಲೆ ಪಿಸಿಓಡಿ (ಅಂಡಾಶಯದಲ್ಲಿ ಸಣ್ಣ ಕೋಶಗಳು ತುಂಬುವ ತೊಂದರೆ) ಎಂದು ಬರೆದಿದೆ. ಮಾತ್ರೆಯಲ್ಲಿ ತಿಂಗಳು ತಿಂಗಳು ಸರಿಯಾಗಿ ಬರುತ್ತಿತ್ತಲ್ಲ, ಮತ್ತೆ ಅದನ್ನೇ ಶುರು ಮಾಡಿದರೆ ಸಾಕೇ? ಇನ್ನೇನಾದರೂ ಪರೀಕ್ಷೆ ಬಾಕಿ ಇದೆಯೇ?

ಹೆರಿಗೆ_ವಾರ್ಡ್ (ಸ್ತ್ರೀರೋಗ ವೈದ್ಯೆ):

ದಿನಾಂಕ ಹೀಗೆ ಬರೆದಿಟ್ಟಿದ್ದು ತುಂಬಾ ಒಳ್ಳೆಯದಾಯಿತು ಮೇಡಂ. "ಡೇಟ್ ಸರಿಯಿಲ್ಲ" ಎಂದಷ್ಟೇ ಹೇಳಿದರೆ ನಮಗೆ ಏನೂ ಗೊತ್ತಾಗುವುದಿಲ್ಲ.

ಮೊದಲು ಜುಲೈ, ಆಗಸ್ಟ್, ಸೆಪ್ಟೆಂಬರ್‌ನ ಮೂರೂ ದಿನಾಂಕಗಳನ್ನು ಲೆಕ್ಕದಿಂದ ತೆಗೆಯಿರಿ. ಅದು ಅವಳ ದೇಹ ತಾನಾಗಿ ತಂದ ಮುಟ್ಟಲ್ಲ. ಪ್ರೊಜೆಸ್ಟರಾನ್ ಮಾತ್ರೆ ಕೊಟ್ಟು ನಿಲ್ಲಿಸಿದಾಗ ಒಳಪದರ ಕಳಚಿ ಬೀಳುತ್ತದೆ, ಸಾಮಾನ್ಯವಾಗಿ 3ರಿಂದ 7 ದಿನದೊಳಗೆ. ಮಾತ್ರೆಯ ತಾರೀಖು ಕ್ರಮಬದ್ಧವಾಗಿದ್ದರೆ ರಕ್ತಸ್ರಾವವೂ ಕ್ರಮಬದ್ಧವಾಗಿರುತ್ತದೆ, ಅಷ್ಟೇ. ಅಂಡಾಶಯದ ಕೆಲಸ ಸುಧಾರಿಸಿದೆ ಎಂದು ಅದರಿಂದ ತೀರ್ಮಾನಿಸುವಂತಿಲ್ಲ.

ಆದರೆ ಆ ಮಾತ್ರೆ ಒಂದು ಉಪಯುಕ್ತ ಮಾಹಿತಿ ಕೊಟ್ಟಿದೆ. ರಕ್ತ ಬಂತು ಎಂದರೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇದೆ, ಒಳಪದರ ಬೆಳೆಯುತ್ತಿದೆ, ಹೊರಬರುವ ದಾರಿಯೂ ಸರಿಯಿದೆ. ಆಗದೇ ಇರುವುದು ಅಂಡಾಣು ಬಿಡುಗಡೆ. ಅಂಡಾಣು ಹೊರಬಂದ ಮೇಲೆ ಮುಟ್ಟಿಗೆ ಸುಮಾರು 12ರಿಂದ 14 ದಿನ ಬೇಕು. ಈ ಭಾಗ ಹೆಚ್ಚು ಬದಲಾಗುವುದಿಲ್ಲ. 47 ದಿನಕ್ಕೋ 50 ದಿನಕ್ಕೋ ಮುಟ್ಟು ಬಂತೆಂದರೆ ಅಂಡಾಣು ಬಿಡುಗಡೆಯೇ ತಡವಾಗಿದೆ, ಇಲ್ಲವೇ ಆಗಿಯೇ ಇಲ್ಲ. ಅಂಡಾಣು ಬರದಿದ್ದರೆ ಪ್ರೊಜೆಸ್ಟರಾನ್ ಹುಟ್ಟುವುದಿಲ್ಲ, ಈಸ್ಟ್ರೋಜನ್ ಒಂದೇ ಒಳಪದರವನ್ನು ಬೆಳೆಸುತ್ತಾ ಹೋಗುತ್ತದೆ. ಜುಲೈನಲ್ಲಿ 11 ದಿನ ಗಡ್ಡೆ ಗಡ್ಡೆಯಾಗಿ ಹೋಗಿದ್ದು ಇದರಿಂದಲೇ: ಮೂರು ತಿಂಗಳು ಬೆಳೆದ ಪದರ ಒಮ್ಮೆಗೇ ಬಿದ್ದಿದೆ.

ಅಳತೆಗೋಲು ಹೀಗಿದೆ. ಅಂತರರಾಷ್ಟ್ರೀಯ ಸ್ತ್ರೀರೋಗ ತಜ್ಞರ ಒಕ್ಕೂಟ 2018ರಲ್ಲಿ ಕೊಟ್ಟ ಲೆಕ್ಕದಲ್ಲಿ ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನದರ ಮೊದಲ ದಿನಕ್ಕೆ 24ರಿಂದ 38 ದಿನ, ಸ್ರಾವ 8 ದಿನದೊಳಗೆ. ಅಂದರೆ ಈ ತಿಂಗಳು 27, ಮುಂದಿನ ತಿಂಗಳು 31 ಆದರೆ ಗಾಬರಿ ಬೇಡ. ಮೈನೆರೆದ ಮೊದಲ ಮೂರು ವರ್ಷ 45 ದಿನದವರೆಗೂ ಸಹಜ. ನಿಮ್ಮ ಹುಡುಗಿಗೆ ಒಂಬತ್ತು ವರ್ಷ ದಾಟಿದೆ, ಹಾಗಾಗಿ ಇದು ಅನಿಯಮಿತವೇ.

ಇನ್ನು ಪಿಸಿಓಡಿ, ಅಂದರೆ ಈಗ ಪಿಸಿಓಎಸ್ ಎನ್ನುವುದು. ಸ್ಕ್ಯಾನಿಂಗ್ ಒಂದನ್ನೇ ನೋಡಿ ಆ ಹೆಸರು ಹಚ್ಚಬಾರದು. ಅನಿಯಮಿತ ಮುಟ್ಟು, ಗಂಡು ಹಾರ್ಮೋನು ಹೆಚ್ಚಿರುವ ಲಕ್ಷಣ ಅಥವಾ ರಕ್ತಪರೀಕ್ಷೆ, ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದ ಆ ಬಗೆಯ ಚಿತ್ರ, ಈ ಮೂರರಲ್ಲಿ ಎರಡು ಇರಬೇಕು. ಇವಳ ಬಲ ಅಂಡಾಶಯ 10 ಮಿ.ಲೀ. ದಾಟಿದೆ, ಮುಟ್ಟೂ ಅನಿಯಮಿತ. ಲೆಕ್ಕಕ್ಕೆ ಎರಡಾಯಿತು. ಆದರೆ ಇದೇ ಚಿತ್ರ ಕೊಡುವ ಬೇರೆ ಕಾರಣಗಳನ್ನು ಮೊದಲು ಹೊರಗಿಡಬೇಕು, ಅದು ಆಗಿಲ್ಲ. ಪ್ರೊಲ್ಯಾಕ್ಟಿನ್ 38 ಅನ್ನು ಯಾರೂ ಗಮನಿಸಿದಂತಿಲ್ಲ. ಪ್ರೊಲ್ಯಾಕ್ಟಿನ್ ಏರಿದರೆ ಮೆದುಳಿನಿಂದ ಅಂಡಾಶಯಕ್ಕೆ ಹೋಗುವ ಸೂಚನೆ ಕುಗ್ಗಿ ಮುಟ್ಟು ಮುಂದೆ ಹೋಗುತ್ತದೆ. ಅದನ್ನು ಬಗೆಹರಿಸದೆ ಪಿಸಿಓಎಸ್ ಎಂದು ಮುದ್ರೆ ಒತ್ತುವುದನ್ನು ನಾನು ಒಪ್ಪುವುದಿಲ್ಲ.

ಮಾತ್ರೆ ಮತ್ತೆ ಶುರು ಮಾಡುವ ಮೊದಲು ಮೂತ್ರದಲ್ಲಿ ಗರ್ಭದ ಪರೀಕ್ಷೆ ಆಗಲಿ. ಮದುವೆಯಾಗಿಲ್ಲ ಎಂದು ಬಿಡುವುದು ಬೇಡ. ವೈದ್ಯರು ಹುಡುಗಿಯೊಬ್ಬಳನ್ನೇ ಕೂರಿಸಿ ಕೇಳಲಿ, ಮನೆಯವರು ಐದು ನಿಮಿಷ ಹೊರಗಿದ್ದರೆ ಸಾಕು.

ಲ್ಯಾಬ್_ಕಿಟಕಿ:

ಪ್ರೊಲ್ಯಾಕ್ಟಿನ್ ಬಗ್ಗೆ ಮೇಡಂ ಹೇಳಿದ್ದಕ್ಕೆ ಸೇರಿಸುತ್ತೇನೆ. 38 ಎಂಬುದು ಅಲ್ಪ ಏರಿಕೆ. ಅದು ನಿಜವೋ ಅಲ್ಲವೋ ಎಂಬುದು ಸ್ಯಾಂಪಲ್ ಹೇಗೆ ಕೊಟ್ಟರು ಎಂಬುದರ ಮೇಲಿದೆ. ನಿದ್ದೆಯಲ್ಲಿ ಈ ಹಾರ್ಮೋನು ಏರುತ್ತದೆ, ಆದ್ದರಿಂದ ಎದ್ದ ಕೂಡಲೇ ಕೊಟ್ಟರೆ ಹೆಚ್ಚು ತೋರಿಸುತ್ತದೆ. ಓಡಿ ಬಂದು, ಮೆಟ್ಟಿಲು ಹತ್ತಿ, ಸೂಜಿಗೆ ಹೆದರಿ ಕೈಕೊಟ್ಟರೂ ಏರುತ್ತದೆ. ಎದ್ದು ಎರಡು ಮೂರು ಗಂಟೆ ಆದಮೇಲೆ, ಖಾಲಿ ಹೊಟ್ಟೆಯಲ್ಲಿ, ಲ್ಯಾಬ್‌ನಲ್ಲಿ 20 ನಿಮಿಷ ಸುಮ್ಮನೆ ಕೂತು ಕೊಡಬೇಕು. ಆಗಲೂ ಹೆಚ್ಚಿದ್ದರೆ ಮ್ಯಾಕ್ರೊಪ್ರೊಲ್ಯಾಕ್ಟಿನ್ ನೋಡಲು ಹೇಳಿ. ಅದು ದೇಹದಲ್ಲಿ ಹೆಚ್ಚು ಕೆಲಸ ಮಾಡದ ದೊಡ್ಡ ಕಣ, ಯಂತ್ರ ಮಾತ್ರ ಅದನ್ನೂ ಎಣಿಸಿಬಿಡುತ್ತದೆ.

ಎರಡು ಪ್ರಶ್ನೆ. ಅವಳು ಗ್ಯಾಸಿಗೆ ಮಾತ್ರೆ ನುಂಗುತ್ತಾಳೆಯೇ? ಕೂದಲು ಉದುರುವುದಕ್ಕೆ ಬಯೋಟಿನ್ ತಗೊಳ್ಳುತ್ತಾಳೆಯೇ? ಬಯೋಟಿನ್ 5 ಅಥವಾ 10 ಮಿ.ಗ್ರಾಂ. ಇರುವ ಮಾತ್ರೆ ಅನೇಕ ಯಂತ್ರಗಳಲ್ಲಿ ಟಿಎಸ್‌ಎಚ್, ಪ್ರೊಲ್ಯಾಕ್ಟಿನ್ ಎರಡನ್ನೂ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಗಂಡು ಹಾರ್ಮೋನಾದ ಟೆಸ್ಟೋಸ್ಟಿರಾನನ್ನು ಹೆಚ್ಚು ತೋರಿಸುತ್ತದೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಿ.

ಚಿಕ್ಕಮ್ಮ_ದಾವಣಗೆರೆ:

ಬಯೋಟಿನ್ ಇಲ್ಲ ಸರ್. ಗ್ಯಾಸಿನ ಮಾತ್ರೆ ಇದೆ. ಹಾಸ್ಟೆಲ್ ಊಟ ಒಗ್ಗದೆ ಮಾರ್ಚಿನಿಂದ ದಿನಾ ಬೆಳಿಗ್ಗೆ ಒಂದು. ಪಟ್ಟಿಯ ಹಿಂದೆ ಪ್ಯಾಂಟೊಪ್ರಜೋಲ್ 40, ಡಾಂಪೆರಿಡೋನ್ 30 ಎಂದಿದೆ. ಗ್ಯಾಸಿನ ಮಾತ್ರೆಗೂ ಮುಟ್ಟಿಗೂ ಏನು ಸಂಬಂಧ?

ಹೆರಿಗೆ_ವಾರ್ಡ್:

ನೇರ ಸಂಬಂಧವೇ ಇದೆ. ಪ್ರೊಲ್ಯಾಕ್ಟಿನನ್ನು ಹದ್ದುಬಸ್ತಿನಲ್ಲಿಡುವುದು ಡೋಪಮೈನ್ ಎಂಬ ಮೆದುಳಿನ ರಾಸಾಯನಿಕ. ಡಾಂಪೆರಿಡೋನ್ ಆ ಡೋಪಮೈನನ್ನೇ ತಡೆಯುತ್ತದೆ, ಪ್ರೊಲ್ಯಾಕ್ಟಿನ್ ಏರುತ್ತದೆ. ಹೆಸರಿನ ಕೊನೆಗೆ "ಡಿ" ಅಥವಾ "ಡಿಎಸ್‌ಆರ್" ಇರುವ ಗ್ಯಾಸಿನ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇದೇ ಇರುತ್ತದೆ. ಇನ್ನು ಕೆಲವುದರಲ್ಲಿ ಲೆವೊಸಲ್ಪಿರೈಡ್ ಇರುತ್ತದೆ, ಅದೂ ಏರಿಸುತ್ತದೆ. ವಾಂತಿ ನಿಲ್ಲಿಸಲು ಎರಡು ಮೂರು ದಿನಕ್ಕೆಂದು ಕೊಟ್ಟ ಔಷಧಿ ತಿಂಗಳುಗಟ್ಟಲೆ ಮುಂದುವರಿಯುವುದು ನಮ್ಮ ಕಡೆ ತೀರಾ ಸಾಮಾನ್ಯವಾಗಿದೆ, ಮೆಡಿಕಲ್ ಶಾಪಿನಲ್ಲಿ ಚೀಟಿ ಕೇಳದೆ ಕೊಡುತ್ತಾರೆ. ಇದು ನನಗೆ ನಿಜಕ್ಕೂ ಚಿಂತೆಯ ವಿಷಯ.

ಆದರೆ ಗಮನಿಸಿ: ಜನವರಿಯಿಂದ ಫೆಬ್ರವರಿಗೆ 47 ದಿನ ಆಗಿದ್ದು ಈ ಮಾತ್ರೆಗೆ ಮೊದಲು. ಆದ್ದರಿಂದ ಎಲ್ಲಾ ತಪ್ಪನ್ನೂ ಇದರ ಮೇಲೆ ಹೊರಿಸುವಂತಿಲ್ಲ. ಹಿಂದಿನ ವರ್ಷದ ದಿನಾಂಕ ಸಿಕ್ಕರೆ ಹುಡುಕಿ.

ಬರೆದುಕೊಟ್ಟ ವೈದ್ಯರನ್ನು ಕೇಳಿ ಡಾಂಪೆರಿಡೋನ್ ಇಲ್ಲದ್ದಕ್ಕೆ ಬದಲಿಸಿ. ನಿಲ್ಲಿಸಿ ಮೂರು ನಾಲ್ಕು ದಿನ ಕಳೆದ ಮೇಲೆ ಪ್ರೊಲ್ಯಾಕ್ಟಿನ್ ಮತ್ತೆ ನೋಡಬಹುದು. (ಈ ದಾರ ಓದುವ ಬೇರೆಯವರಿಗೆ: ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ, ರಿಸ್ಪೆರಿಡೋನ್ ಅಂಥದ್ದು. ಅವನ್ನು ನೀವಾಗಿ ನಿಲ್ಲಿಸಲೇಬೇಡಿ.) ಮರುಪರೀಕ್ಷೆಯಲ್ಲೂ ಏರಿಕೆ ಉಳಿದರೆ, ಅಥವಾ ಮೊಲೆಯಿಂದ ಹಾಲಿನಂಥ ದ್ರವ, ತಲೆನೋವು, ಅಕ್ಕಪಕ್ಕ ಕಾಣದಿರುವುದು ಇದ್ದರೆ ಪ್ರೊಲ್ಯಾಕ್ಟಿನ್ ತಯಾರಿಸುವ ಪಿಟ್ಯೂಟರಿ ಗ್ರಂಥಿಯ ಎಂಆರ್‌ಐ ಬೇಕಾಗುತ್ತದೆ.

ಅದೇ ಹೊತ್ತಿಗೆ ಟೆಸ್ಟೋಸ್ಟಿರಾನ್, 17-ಹೈಡ್ರಾಕ್ಸಿಪ್ರೊಜೆಸ್ಟರಾನ್ ಕೂಡ ಕೊಡಿ. ಎರಡನೆಯದು ಬೆಳಗಿನ ಹೊತ್ತೇ ಆಗಬೇಕು, ಅಡ್ರಿನಲ್ ಗ್ರಂಥಿಯ ಹುಟ್ಟುದೋಷ ಇದೆಯೇ ಎಂದು ಅದರಲ್ಲಿ ತಿಳಿಯುತ್ತದೆ. ಎರಡು ಹಾರ್ಮೋನಿರುವ ಗರ್ಭನಿರೋಧಕ ಮಾತ್ರೆ ಶುರು ಮಾಡಿದರೆ, ಅದನ್ನು ನಿಲ್ಲಿಸಿ ಮೂರು ತಿಂಗಳಾಗುವ ತನಕ ಟೆಸ್ಟೋಸ್ಟಿರಾನ್ ನಂಬುವಂತಿರುವುದಿಲ್ಲ, ಆದ್ದರಿಂದ ಪರೀಕ್ಷೆ ಮೊದಲು, ಮಾತ್ರೆ ಆಮೇಲೆ.

ಪಿಸಿಓಎಸ್ ಎಂದೇ ಖಚಿತವಾದರೆ 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ಗಂಟೆಯ ಸಕ್ಕರೆ ನೋಡುವ ಪರೀಕ್ಷೆ ಮಾಡಿಸಿ. 140 ದಾಟಿದರೆ ಎಚ್ಚರ, 200 ದಾಟಿದರೆ ಸಕ್ಕರೆ ಕಾಯಿಲೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಒಂದನ್ನೇ ನೆಚ್ಚಬೇಡಿ, ಕಬ್ಬಿಣದ ಕೊರತೆ ಇರುವವರಲ್ಲಿ ಅದು ಸುಳ್ಳೇ ಹೆಚ್ಚು ತೋರಿಸಬಹುದು.

ಮಲ್ಲಿಗೆ_ಹಡಗಲಿ:

ನಮ್ಮ ಕಡೆ ಹಿರಿಯರು ಮದುವೆಯಾದ್ರೆ ತಾನೇ ಸರಿ ಹೋಗುತ್ತೆ ಅಂತಾರೆ. ಎಳ್ಳು ಬೆಲ್ಲ, ಪಪ್ಪಾಯಿ ತಿಂದ್ರೆ ಬರುತ್ತೆ ಅಂತಲೂ. ಇದರಲ್ಲಿ ಎಷ್ಟು ನಿಜ?

ಹೆರಿಗೆ_ವಾರ್ಡ್:

ಮದುವೆಯಿಂದ ಅಂಡಾಶಯಕ್ಕೆ ಏನೂ ಆಗುವುದಿಲ್ಲ. ಮದುವೆಯಾದ ಮೇಲೆ ಮುಟ್ಟು ತಿಂಗಳು ತಿಂಗಳು ಬರತೊಡಗಿದರೆ ಎಷ್ಟೋ ಸಲ ಅದು ಗರ್ಭನಿರೋಧಕ ಮಾತ್ರೆಯ ಪರಿಣಾಮ. ಇನ್ನೊಂದು ತಪ್ಪು ಕಲ್ಪನೆ ಇದಕ್ಕಿಂತ ಅಪಾಯಕರ: ಮುಟ್ಟು ಸರಿಯಿಲ್ಲದವಳಿಗೆ ಗರ್ಭ ನಿಲ್ಲುವುದಿಲ್ಲ ಎಂಬುದು. ಅಂಡಾಣು ಯಾವಾಗ ಬರುತ್ತದೆಂದು ಹೇಳಲಾಗದು ಎಂದಷ್ಟೇ ಅದರರ್ಥ. ಮಗು ಬೇಡವಾದರೆ ಗರ್ಭನಿರೋಧಕ ಬೇಕೇ ಬೇಕು.

ಎಳ್ಳು, ಪಪ್ಪಾಯಿ ಊಟವಾಗಿ ಚೆನ್ನ. ಅಂಡಾಣು ಬಿಡಿಸುವ ಶಕ್ತಿ ಅವಕ್ಕಿಲ್ಲ.

ತೂಕದ ಮಾತು ಬೇರೆ. ಪಿಸಿಓಎಸ್ ಇದ್ದು ತೂಕ ಹೆಚ್ಚಿರುವವರಲ್ಲಿ ಶೇ. 5ರಿಂದ 10ರಷ್ಟು ಇಳಿದರೂ ಎಷ್ಟೋ ಜನರಿಗೆ ಮುಟ್ಟು ತಾನಾಗಿ ಮರಳುತ್ತದೆ. ಈ ಹುಡುಗಿಗೆ ಅದು 3ರಿಂದ 6 ಕೆ.ಜಿ. ವಾರಕ್ಕೆ 150 ನಿಮಿಷ ಬಿರುಸು ನಡಿಗೆ, ಎರಡು ದಿನ ಬಸ್ಕಿ, ದಂಡದಂಥ ಸ್ನಾಯುವಿನ ವ್ಯಾಯಾಮ. ಉಪವಾಸ ಬಿದ್ದು ಒಂದೇ ತಿಂಗಳಲ್ಲಿ ಇಳಿಸಹೊರಟರೆ ಅದರಿಂದಲೇ ಮುಟ್ಟು ನಿಲ್ಲುವುದುಂಟು.

ಚಿಕ್ಕಮ್ಮ_ದಾವಣಗೆರೆ:

ಎಲ್ಲರಿಗೂ ಧನ್ಯವಾದ. ಪರೀಕ್ಷೆಗಳು ಮುಗಿಯುವ ತನಕ ಮುಟ್ಟು ಬರದಿದ್ದರೆ ಹಾಗೇ ಬಿಡಬಹುದೇ? ಹಿಮೋಗ್ಲೋಬಿನ್‌ಗೆ ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ, ನಾಲ್ಕು ತಿಂಗಳಾಯಿತು, ಈಗಲೂ 10.6.

ಹೆರಿಗೆ_ವಾರ್ಡ್:

90 ದಿನ ದಾಟಿಸಬೇಡಿ. ಸೆಪ್ಟೆಂಬರ್ 10ರಿಂದ ಲೆಕ್ಕ ಹಾಕಿದರೆ ಡಿಸೆಂಬರ್ 9. ಅಷ್ಟರೊಳಗೆ ತಾನಾಗಿ ಬರದಿದ್ದರೆ, ಗರ್ಭವಿಲ್ಲ ಎಂದು ಖಚಿತ ಮಾಡಿಕೊಂಡು, ವೈದ್ಯರ ಸಲಹೆಯಂತೆ ಅದೇ ಪ್ರೊಜೆಸ್ಟರಾನ್ ಮಾತ್ರೆ 10ರಿಂದ 14 ದಿನ ತಗೊಂಡು ಒಳಪದರ ಕಳಚಿಸಬೇಕು. ವರ್ಷಗಟ್ಟಲೆ ಕಳಚದೆ ಬೆಳೆದ ಒಳಪದರದಲ್ಲಿ ಜೀವಕೋಶಗಳು ಕೆಡಬಹುದು, ಮುಂದೆ ಕ್ಯಾನ್ಸರಿಗೂ ತಿರುಗಬಹುದು. ಮಾತ್ರೆಯ ನಿಜವಾದ ಉಪಯೋಗ ಇದು: ರೋಗ ವಾಸಿಮಾಡುವುದಲ್ಲ, ಗರ್ಭಕೋಶ ಕಾಯುವುದು.

ಬಂದಾಗ ಗಂಟೆಗೊಂದು ಪ್ಯಾಡ್ ಒದ್ದೆಯಾಗಿ ಎರಡು ಗಂಟೆ ಮೀರಿದರೆ, ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಡ್ಡೆಗಳು ಬೀಳುತ್ತಲೇ ಇದ್ದರೆ, ತಲೆ ಸುತ್ತಿದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.

ಸೊಪ್ಪು_ಸಾರು (ಆಹಾರ ತಜ್ಞೆ):

ಕಬ್ಬಿಣದ ಬಗ್ಗೆ ನಾನು ಹೇಳುತ್ತೇನೆ ಅಕ್ಕ. ಔಷಧಿ ದೇಹಕ್ಕೆ ಸೇರುತ್ತಿದ್ದರೆ, ಸ್ರಾವವೂ ಹೆಚ್ಚಿಲ್ಲದಿದ್ದರೆ, ನಾಲ್ಕು ವಾರಕ್ಕೆ ಹಿಮೋಗ್ಲೋಬಿನ್ ಸುಮಾರು 1 ಗ್ರಾಂ ಏರಬೇಕು. ನಾಲ್ಕು ತಿಂಗಳಲ್ಲಿ 0.2 ಎಂದರೆ ಎಲ್ಲೋ ತಡೆ ಇದೆ. ಮೇಲೆ ಬರೆದಿರುವ ಪ್ಯಾಂಟೊಪ್ರಜೋಲೇ ಒಂದು ತಡೆ: ಕಬ್ಬಿಣ ಕರಗಲು ಹೊಟ್ಟೆಯ ಆಮ್ಲ ಬೇಕು, ಈ ಮಾತ್ರೆ ಆಮ್ಲವನ್ನೇ ಕಡಿಮೆ ಮಾಡುತ್ತದೆ. ಜೊತೆಗೆ ಬೆಳಗಿನ ಕಾಫಿ ಅಥವಾ ಚಹಾ, ಕ್ಯಾಲ್ಸಿಯಂ ಮಾತ್ರೆ, ಹಾಲು ಇವೆಲ್ಲ ಹೀರಿಕೆಯನ್ನು ಕುಗ್ಗಿಸುತ್ತವೆ.

ಪಟ್ಟಿಯ ಮೇಲೆ ಎಷ್ಟು ಮಿ.ಗ್ರಾಂ. ಶುದ್ಧ ಕಬ್ಬಿಣ ಎಂದು ನೋಡಿ. ಸರ್ಕಾರಿ ಆಸ್ಪತ್ರೆಯ ಕಬ್ಬಿಣ-ಫೋಲಿಕ್ ಮಾತ್ರೆಯಲ್ಲಿ 60 ಮಿ.ಗ್ರಾಂ. ಇರುತ್ತದೆ. ಮಾತ್ರೆಯನ್ನು ಊಟಕ್ಕೆ ಒಂದು ಗಂಟೆ ಮೊದಲು, ನಿಂಬೆ ಪಾನಕದ ಜೊತೆ ಕೊಡಿ. ಹೊಟ್ಟೆ ತೊಳಸಿದರೆ ವೈದ್ಯರನ್ನು ಕೇಳಿ ದಿನ ಬಿಟ್ಟು ದಿನ ತಗೊಳ್ಳಬಹುದು, ಹೀರಿಕೆ ಅಷ್ಟೇನೂ ನಷ್ಟವಾಗುವುದಿಲ್ಲ. ಮಲ ಕಪ್ಪಾದರೆ ಹೆದರಬೇಡಿ. ಹಿಮೋಗ್ಲೋಬಿನ್ 12 ತಲುಪಿದ ಮೇಲೂ ಮೂರು ತಿಂಗಳು ಮುಂದುವರಿಸಿ, ಒಳಗಿನ ದಾಸ್ತಾನು ತುಂಬಬೇಕು. ಅದು ತುಂಬಿತೇ ಎಂದು ಫೆರಿಟಿನ್ ಪರೀಕ್ಷೆ ತೋರಿಸುತ್ತದೆ.

ಹಾಸ್ಟೆಲಿನಲ್ಲಿ ಬೇಯಿಸಿಕೊಳ್ಳಲು ಆಗುವುದಿಲ್ಲ, ನಿಜ. ಹುರಿಗಡಲೆ, ನೆನೆಸಿದ ಹೆಸರುಕಾಳಿಗೆ ನಿಂಬೆ ಹಿಂಡಿದ ಕೋಸಂಬರಿ, ಸಿಕ್ಕರೆ ಮೊಟ್ಟೆ. ರಾಗಿ ಒಳ್ಳೆಯದೇ, ಆದರೆ ರಾಗಿಮುದ್ದೆ ಒಂದರಿಂದಲೇ 10.6 ಮೇಲೇರುವುದಿಲ್ಲ, ಮಾತ್ರೆ ಬೇಕು. ಇಷ್ಟೆಲ್ಲ ಮಾಡಿಯೂ ಇನ್ನು ಆರು ವಾರದಲ್ಲಿ ಏರದಿದ್ದರೆ ಥಲಸ್ಸೀಮಿಯ ಎಂಬ ಹುಟ್ಟಿನಿಂದ ಬರುವ ರಕ್ತದ ತೊಂದರೆ ಇದೆಯೇ ಎಂದು ಹಿಮೋಗ್ಲೋಬಿನ್ ಬೇರ್ಪಡಿಸಿ ನೋಡುವ ಪರೀಕ್ಷೆ ಮಾಡಿಸಿ, ಬಿ12 ಕೂಡ ನೋಡಿಸಿ. ಮೊದಲ ಮುಟ್ಟಿನಿಂದಲೂ ಸ್ರಾವ ಹೆಚ್ಚಿತ್ತೇ, ಹಲ್ಲು ಕೀಳಿಸಿದಾಗ ರಕ್ತ ನಿಲ್ಲಲು ತಡವಾಗಿತ್ತೇ ಎಂದೂ ಅವಳನ್ನು ಕೇಳಿ. ಹೌದು ಎಂದರೆ ರಕ್ತ ಹೆಪ್ಪುಗಟ್ಟುವ ದೋಷದ ಪರೀಕ್ಷೆಯನ್ನೂ ಅದೇ ಚೀಟಿಯಲ್ಲಿ ಬರೆಸಿಕೊಳ್ಳಿ.