ಅಪ್‌ಡೇಟ್: ಅಮ್ಮನ ಪಿಎಫ್ ಪಿಂಚಣಿಗೆ ಹಳೆಯ ಸರ್ವಿಸ್ ಸೇರಿತು

ಸಾಗರದ ಮಿಲ್ಲಿನಲ್ಲಿ ಅಮ್ಮ ಮಾಡಿದ 4 ವರ್ಷದ ಕೆಲಸ ಪಿಎಫ್ ದಾಖಲೆಯಲ್ಲಿ ಕಾಣ್ತಿಲ್ಲ, ಪಿಂಚಣಿ ಸಿಗುತ್ತಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್. ಕೆಲಸ ಆಯಿತು!

ಶಿವಮೊಗ್ಗದ ಗಾರ್ಮೆಂಟ್ಸ್‌ಗೆ ಸೇರಿದಾಗ ಅಮ್ಮನಿಗೆ ಹೊಸ ಯುಎಎನ್ (ಪಿಎಫ್ ಸದಸ್ಯರಿಗೆ ಕೊಡುವ ನಂಬರ್) ಮಾಡಿದ್ದರು. ಹಳೆಯದು ಹಾಗೇ ಉಳಿದಿತ್ತು. ಮಿಲ್ಲಿನವರು ಕೆಲಸ ಬಿಟ್ಟ ದಿನಾಂಕವನ್ನೂ ಹಾಕಿರಲಿಲ್ಲ. ಆ ದಿನಾಂಕವನ್ನು ಪಿಎಫ್ ಪೋರ್ಟಲ್‌ನಲ್ಲಿ ನಾವೇ ಹಾಕಬಹುದು. ಆಮೇಲೆ ಫಾರ್ಮ್ 13ರಲ್ಲಿ ಹಳೆಯ ಖಾತೆಯನ್ನು ಹೊಸದಕ್ಕೆ ವರ್ಗ ಮಾಡಿಸಿದೆವು.

ಇದು ಯಾಕೆ ಇಷ್ಟು ಮುಖ್ಯ ಅಂದರೆ, ಇಪಿಎಸ್‌ನಲ್ಲಿ (ಪಿಎಫ್ ಜೊತೆಗಿರುವ ಪಿಂಚಣಿ ಯೋಜನೆ) ತಿಂಗಳ ಪಿಂಚಣಿಗೆ 10 ವರ್ಷದ ಸರ್ವಿಸ್ ಬೇಕೇ ಬೇಕು. ಗಾರ್ಮೆಂಟ್ಸ್‌ನದು ಬರೀ 7 ವರ್ಷ. ಅಷ್ಟಕ್ಕೇ ನಿಂತಿದ್ದರೆ ಒಂದಿಷ್ಟು ದುಡ್ಡು ಕೈಗೆ ಬಂದು ಮುಗಿಯುತ್ತಿತ್ತು. ಈಗ 11 ವರ್ಷ. ಲೆಕ್ಕ ಸುಲಭ: ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಅಮ್ಮನಿಗೆ 10,500 × 11 ÷ 70, ಅಂದರೆ ತಿಂಗಳಿಗೆ 1,650 ರೂಪಾಯಿ. ಅವರು ಕೆಲಸ ಮಾಡಿದ್ದೆಲ್ಲ 2014ರ ಸೆಪ್ಟೆಂಬರ್ ನಂತರ. ಅದಕ್ಕೂ ಹಿಂದಿನ ಸರ್ವಿಸ್ ಇದ್ದವರಿಗೆ ಆ ಭಾಗಕ್ಕೆ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 6,500 ರೂಪಾಯಿ. ಲೆಕ್ಕ ಬದಲಾಗುತ್ತದೆ.

ಜಾಸ್ತಿ ಏನಲ್ಲ, ನಿಜ. ಆದರೆ ಅಮ್ಮನ ಬಿಪಿ, ಶುಗರ್ ಮಾತ್ರೆಗೆ ಯಾರ ಮುಂದೂ ಕೈ ಚಾಚಬೇಕಿಲ್ಲ.

ನಿಮ್ಮ ಮನೆಯಲ್ಲೂ ಹಳೆಯ ಖಾತೆ ಇದ್ದರೆ ಸುಮ್ನೆ ಫಾರ್ಮ್ 10ಸಿ ಹಾಕಿ ಪಿಂಚಣಿ ದುಡ್ಡು ತೆಗೀಬೇಡಿ. ತೆಗೆದರೆ ಅಷ್ಟು ವರ್ಷದ ಸರ್ವಿಸ್ ಹೋದಂತೆಯೇ. ಅಮ್ಮನಿಗೆ 58 ತುಂಬಿದ ಕೂಡಲೇ ತಿಂಗಳ ಪಿಂಚಣಿಗೆ ಫಾರ್ಮ್ 10ಡಿ ಹಾಕುತ್ತೇವೆ.