ಮನೆಯಲ್ಲಿ ಆಹಾರ ಹಾಳಾಗುವುದನ್ನು ತಡೆಯುವ ಆ್ಯಪ್: ಮಾಡಿದವರು, ಬಳಸಿ ಬಿಟ್ಟವರು ಏನಂತೀರಿ?

ಕೇಳಿದವರು

ನಮಸ್ಕಾರ. ನಾವು ಮೂವರು ಗೆಳೆಯರು ಸೇರಿ ಒಂದು ಆ್ಯಪ್ ಮಾಡಲು ಹೊರಟಿದ್ದೇವೆ. ದುಡ್ಡು ಕೊಟ್ಟು ತಂದದ್ದು ಫ್ರಿಜ್‌ನಲ್ಲೇ ಕೊಳೆತು ಕಸದ ಬುಟ್ಟಿಗೆ ಹೋಗುತ್ತದಲ್ಲ, ಅದನ್ನು ಕಡಿಮೆ ಮಾಡಬೇಕು. ಸದ್ಯಕ್ಕೆ ತಲೆಯಲ್ಲಿರುವುದು ಇಷ್ಟು. ತಂದ ಸಾಮಾನಿನ ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಮನೆಯಲ್ಲಿ ಏನೇನಿದೆ ಅಂತ ಪಟ್ಟಿ ಬರಬೇಕು. ದಿನಾಂಕ ಹತ್ತಿರ ಬಂದಾಗ ನೋಟಿಫಿಕೇಶನ್. ಇರುವುದರಲ್ಲೇ ಏನು ಅಡುಗೆ ಮಾಡಬಹುದು ಅನ್ನುವ ಸಲಹೆ. ಜೊತೆಗೆ ಪಾಯಿಂಟ್ಸ್, ಬ್ಯಾಡ್ಜ್ ಇತ್ಯಾದಿ. ಇಂಥದ್ದನ್ನು ಮಾಡಿ ನೋಡಿದವರ ಅನುಭವ ಬೇಕು. ಬಳಸಿ ಬಿಟ್ಟವರದ್ದು ಇನ್ನೂ ಜಾಸ್ತಿ ಬೇಕು. ಬೈದರೂ ಪರವಾಗಿಲ್ಲ.

ಇದನ್ನೇ ಮಾಡಿ ಕೈ ಸುಟ್ಟುಕೊಂಡವನು

ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ನೀವು ಬರೆದ ಪಟ್ಟಿ ಇದೆಯಲ್ಲ, ಹೆಚ್ಚು ಕಡಿಮೆ ಅದೇ ಕ್ರಮದಲ್ಲಿ ಅದೇ ಆ್ಯಪನ್ನು ನಾನು ಮಾಡಿದ್ದೆ. ಡೌನ್‌ಲೋಡ್ ಚೆನ್ನಾಗಿಯೇ ಆಯಿತು. ಮೂರನೇ ವಾರಕ್ಕೆ ತೆರೆದು ನೋಡುವವರೇ ಇಲ್ಲ.

ಮೊದಲು ಬಾರ್‌ಕೋಡ್. ಪ್ಯಾಕೆಟ್ ಮೇಲಿನ ಆ 13 ಅಂಕಿಯ ಕೋಡಿನಲ್ಲಿ ದಿನಾಂಕ ಇರುವುದೇ ಇಲ್ಲ. ಅದು ಯಾವ ಸಾಮಾನು ಅಂತ ಹೇಳುತ್ತದೆ, ಅಷ್ಟೇ. ಇವತ್ತಿನ ಹಾಲಿನ ಪ್ಯಾಕೆಟ್ಟಿಗೂ ಹೋದ ವಾರದ ಪ್ಯಾಕೆಟ್ಟಿಗೂ ಒಂದೇ ಕೋಡ್. ಹೆಸರು ತಿಳಿಯಲು ಓಪನ್ ಫುಡ್ ಫ್ಯಾಕ್ಟ್ಸ್ ಇದೆ. 2012ರಲ್ಲಿ ಶುರುವಾದ ಮುಕ್ತ ಡೇಟಾಬೇಸ್, ಯಾರು ಬೇಕಾದರೂ ಬಳಸಬಹುದು, ನನಗೆ ತುಂಬಾ ಉಪಯೋಗವಾಯಿತು. ಆದರೆ ದಿನಾಂಕವನ್ನು ಬಳಸುವವರೇ ಟೈಪ್ ಮಾಡಬೇಕು, ಇಲ್ಲವೇ ಕ್ಯಾಮೆರಾ ಓದಬೇಕು. ಆ ದಿನಾಂಕ ಇರುವುದು ಎಲ್ಲಿ? ಪ್ಯಾಕೆಟ್ಟಿನ ಮಡಿಕೆಯಲ್ಲಿ, ಮುಚ್ಚಳದ ಅಂಚಿನಲ್ಲಿ, ಚುಕ್ಕಿ ಚುಕ್ಕಿ ಅಕ್ಷರದಲ್ಲಿ, ಅರ್ಧ ಅಳಿಸಿಹೋಗಿ. 03/04 ಅಂತ ಇದ್ದರೆ ಅದು ಮಾರ್ಚ್ 4ಓ ಏಪ್ರಿಲ್ 3ಓ, ನನ್ನ ಆ್ಯಪಿಗೆ ಕೊನೆವರೆಗೂ ಗೊತ್ತಾಗಲಿಲ್ಲ. ಕ್ಯೂಆರ್ ಥರದ ಚೌಕದ ಕೋಡುಗಳಲ್ಲಿ ದಿನಾಂಕವನ್ನೂ ಸೇರಿಸಬಹುದು. 2027ರ ಕೊನೆಯೊಳಗೆ ಅಂಗಡಿಗಳ ಬಿಲ್ಲಿಂಗ್ ಸ್ಕ್ಯಾನರುಗಳು ಅದನ್ನು ಓದುವಂತಾಗಬೇಕು ಅಂತ ಬಾರ್‌ಕೋಡ್ ನೋಡಿಕೊಳ್ಳುವ ಜಿಎಸ್‌1 ಸಂಸ್ಥೆ ಗುರಿ ಇಟ್ಟುಕೊಂಡಿದೆ. ಬರಲಿ, ಒಳ್ಳೆಯದೇ. ಆದರೆ ಸೊಪ್ಪಿನ ಕಟ್ಟಿಗೆ, ನಿನ್ನೆ ಮಾಡಿ ಉಳಿದ ಅನ್ನಕ್ಕೆ ಯಾವ ಕೋಡ್ ಇರುತ್ತದೆ ಹೇಳಿ? ಬೇಗ ಹಾಳಾಗುವುದೇ ಅವು.

ಇದೆಲ್ಲ ಹೇಗೋ ಸರಿ ಮಾಡಬಹುದು ಅಂದುಕೊಳ್ಳಿ. ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ. ಸಾಮಾನು ಒಳಗೆ ಬರುವಾಗ ಜನ ಸ್ಕ್ಯಾನ್ ಮಾಡುತ್ತಾರೆ, ಮೊದಮೊದಲು ಉತ್ಸಾಹ ಇರುತ್ತದೆ. ಹೊರಗೆ ಹೋಗುವಾಗ? ಒಲೆ ಮೇಲೆ ಎಣ್ಣೆ ಕಾಯುತ್ತಿದೆ, ಕೈಯೆಲ್ಲ ಹಸಿ, ಎರಡು ಟೊಮೆಟೊ ಹೆಚ್ಚಿ ಹಾಕಿದಿರಿ. ಆಗ ಫೋನ್ ತೆಗೆದು 'ಟೊಮೆಟೊ, 2, ಬಳಸಿದೆ' ಅಂತ ಯಾರು ಒತ್ತುತ್ತಾರೆ? ನಾನೇ ಒತ್ತಲಿಲ್ಲ, ಮಾಡಿದವನೇ ನಾನು. ಒಂದು ಸಂಜೆ ನನ್ನ ಆ್ಯಪ್ ತೆರೆದು ನೋಡಿದೆ. ಮನೆಯಲ್ಲಿ 6 ಮೊಟ್ಟೆ ಇದೆ ಅನ್ನುತ್ತಿತ್ತು, ಬಾಕ್ಸ್ ಖಾಲಿಯಾಗಿ ನಾಲ್ಕು ದಿನ ಆಗಿತ್ತು. ಸೊಪ್ಪು 'ಇನ್ನೂ 2 ದಿನ' ಅನ್ನುತ್ತಿತ್ತು, ತರಕಾರಿ ಡಬ್ಬದ ತಳದಲ್ಲಿ ಅದು ಕಪ್ಪಗೆ ಲೋಳೆಯಾಗಿ ಪ್ಲಾಸ್ಟಿಕ್ ಚೀಲಕ್ಕೆ ಅಂಟಿಕೊಂಡಿತ್ತು. ಪಟ್ಟಿ ಒಂದು ಸಲ ಸುಳ್ಳು ಹೇಳಿತು ಅಂದರೆ ಮುಗಿಯಿತು, ಆಮೇಲೆ ಅದನ್ನು ಯಾರೂ ನಂಬುವುದಿಲ್ಲ.

ನೋಟಿಫಿಕೇಶನ್ ಬಗ್ಗೆಯೂ ಹೇಳಿಬಿಡುತ್ತೇನೆ, ನಿಮಗೆ ಒಂದು ತಿಂಗಳಾದರೂ ಉಳಿಯುತ್ತದೆ. ಐಫೋನ್‌ನಲ್ಲಿ ಒಂದು ಆ್ಯಪ್ ಮುಂದಿನ ದಿನಗಳಿಗೆ ಅಂತ ಫೋನಿನಲ್ಲೇ ನಿಗದಿ ಮಾಡಿಡಬಹುದಾದ ನೋಟಿಫಿಕೇಶನ್ 64 ಮಾತ್ರ. ನಾನು ಪ್ರತಿ ಸಾಮಾನಿಗೂ ಎರಡೆರಡು ಇಟ್ಟಿದ್ದೆ. 32 ಸಾಮಾನು ದಾಟಿದ ಮನೆಗಳಲ್ಲಿ ಕೆಲವು ಸುಮ್ನೆ ಮಾಯ, ಎರರ್ ಕೂಡ ಇಲ್ಲ. ಆ್ಯಂಡ್ರಾಯ್ಡ್‌ನಲ್ಲಿ ಬೇರೆ ಕಥೆ. ಫೋನ್ ಅಲುಗಾಡದೆ ಸುಮ್ಮನೆ ಬಿದ್ದಿದ್ದರೆ ಬ್ಯಾಟರಿ ಉಳಿಸಲು ಅದು ಅಲಾರ್ಮುಗಳನ್ನು ಮುಂದಕ್ಕೆ ತಳ್ಳುತ್ತದೆ. ಸಂಜೆ 5ಕ್ಕೆ ಬರಬೇಕಾದ 'ಹಾಲು ಬಳಸಿ' ಊಟ ಆಗಿ ಪಾತ್ರೆ ತೊಳೆದ ಮೇಲೆ ಬರುತ್ತಿತ್ತು. ಆ್ಯಂಡ್ರಾಯ್ಡ್ 13ರಿಂದ ನೋಟಿಫಿಕೇಶನ್ನಿಗೆ ಮೊದಲು ಅನುಮತಿ ಬೇರೆ ಕೇಳಬೇಕು. ನಾನು ಆ್ಯಪ್ ತೆರೆದ ಕೂಡಲೇ ಕೇಳಿದೆ, ಜನ ಕೂಡಲೇ ಬೇಡ ಅಂದರು. ಅದರಿಂದ ಅವರಿಗೆ ಒಂದು ಸಲ ಉಪಯೋಗ ಆದ ಮೇಲೆ ಕೇಳಿ.

ಕೊನೆಗೆ ಪಟ್ಟಿ, ಸ್ಕ್ಯಾನರ್ ಎಲ್ಲ ಕಿತ್ತು ಹಾಕಿದೆ. ಉಳಿದದ್ದು ಒಂದೇ ಪರದೆ, 'ಮೊದಲು ಇದನ್ನು ಮುಗಿಸಿ'. ಅದರಲ್ಲಿ ಮೂರೇ ಜಾಗ. ನಾಲ್ಕನೆಯದು ಸೇರಿಸಲು ಹೋದರೆ ಮೊದಲ ಮೂರರಲ್ಲಿ ಒಂದನ್ನು ತೆಗೆಯಬೇಕು. ದಿನಕ್ಕೆ ಒಂದೇ ನೋಟಿಫಿಕೇಶನ್, ಅದೂ ಅಡುಗೆ ಶುರು ಮಾಡುವ ಹೊತ್ತಿಗೆ ಒಂದು ಗಂಟೆ ಮುಂಚೆ. ಅಂದ ಹಾಗೆ, ಜನ ಆಮೇಲೂ ತೆರೆದ ಆವೃತ್ತಿ ಅದೊಂದೇ. ಬೇಸರದ ಸಂಗತಿ ಅಂದರೆ ಅಷ್ಟು ಹೊತ್ತಿಗೆ ನನ್ನ ಉತ್ಸಾಹವೂ ದುಡ್ಡೂ ಖಾಲಿ.

ಬಳಸಿ ಬಿಟ್ಟವಳು

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಮನೆಯಲ್ಲಿ ಆ್ಯಪ್ ಹಾಕಿಕೊಂಡದ್ದು ನಾನು, ಸಾಮಾನು ತರುವುದು ನನ್ನ ಗಂಡ, ಅಡುಗೆ ಮಾಡುವುದು ಅತ್ತೆ. ನೋಟಿಫಿಕೇಶನ್ ಬರುವುದು ಮಾತ್ರ ಆಫೀಸಿನಲ್ಲಿ ಕೂತ ನನಗೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ನಾನು ಮನೆಗೆ ಫೋನ್ ಮಾಡಿ 'ಅತ್ತೆ, ಆ ಸೊಪ್ಪು ಇವತ್ತೇ ಮುಗಿಸಬೇಕಂತೆ' ಅನ್ನುವುದು, ಅವರು 'ನಿನ್ನ ಫೋನ್ ನನಗೆ ಅಡುಗೆ ಹೇಳಿಕೊಡುತ್ತಾ' ಅನ್ನುವುದು. ಎರಡು ವಾರದಲ್ಲಿ ಆ್ಯಪ್ ತೆಗೆದೆ, ಮನೆಯಲ್ಲಿ ಶಾಂತಿ. ತರುವವರು, ಮಾಡುವವರು, ತಿನ್ನುವವರು ಬೇರೆ ಬೇರೆ ಇರುವ ಮನೆಗೆ ನಿಮ್ಮ ಆ್ಯಪ್ ಏನು ಮಾಡುತ್ತದೆ ಅಂತ ಮೊದಲು ಯೋಚಿಸಿ. ನಿಮ್ಮಲ್ಲಿ ಮೂವರೂ ಒಂಟಿಯಾಗಿ ಇರುವವರಾದರೆ ಇದು ಹೊಳೆಯುವುದೇ ಇಲ್ಲ.

ಪಾಯಿಂಟ್ಸ್ ಬಗ್ಗೆ ನಾಚಿಕೆ ಬಿಟ್ಟು ಹೇಳುತ್ತೇನೆ. ನಾನು ಮೋಸ ಮಾಡುತ್ತಿದ್ದೆ. ಬ್ರೆಡ್ ಬೂಸ್ಟು ಹಿಡಿದು ಬಿಸಾಡಿದೆ, ಆ್ಯಪಿನಲ್ಲಿ 'ತಿಂದಾಯಿತು' ಒತ್ತಿದೆ. ಯಾಕೆಂದರೆ 'ಬಿಸಾಡಿದೆ' ಒತ್ತಿದರೆ ಒಂದು ಅಳುಮುಖ ಬರುತ್ತಿತ್ತು, ಸತತ 11 ದಿನದ ಲೆಕ್ಕ ಸೊನ್ನೆಗೆ ಹೋಗುತ್ತಿತ್ತು. ದಣಿದು ಬಂದ ಸಂಜೆ ಫೋನಿನಿಂದಲೂ ಬೈಸಿಕೊಳ್ಳಬೇಕಾ?

ಹೋಟೆಲ್ ಅಡುಗೆಮನೆಯಲ್ಲಿ ಇರುವವನು

ನಾನು ಆ್ಯಪ್ ಮಾಡುವವನಲ್ಲ, ಹೋಟೆಲ್ ಅಡುಗೆಮನೆಯಲ್ಲಿ ಕೆಲಸ. ನಮ್ಮಲ್ಲಿ ಇದಕ್ಕೆ ಇರುವ ಸಲಕರಣೆ ಎರಡು, ಒಂದು ಟೇಪಿನ ರೋಲ್, ಒಂದು ಮಾರ್ಕರ್. ಏನೇ ತೆರೆದರೂ, ಏನೇ ಬೇಯಿಸಿ ಇಟ್ಟರೂ ಡಬ್ಬದ ಮೇಲೆ ಏನು, ಯಾವತ್ತು ಅಂತ ಬರೆದು ಅಂಟಿಸುತ್ತೇವೆ. ಹೊಸದು ಹಿಂದಕ್ಕೆ, ಹಳೆಯದು ಮುಂದಕ್ಕೆ. ಐದು ಸೆಕೆಂಡಿನ ಕೆಲಸ. ಮನೆಯವರು ಇದನ್ನು ಮಾಡುವುದಿಲ್ಲ, ಅದಕ್ಕೇ ಹಿಂದಿನ ಮೂಲೆಯಲ್ಲಿ ಒಂದು ಡಬ್ಬ ಕೂತುಬಿಡುತ್ತದೆ. ಅದರಲ್ಲಿ ಏನಿದೆ ಅಂತ ಗೊತ್ತಿಲ್ಲ, ತೆರೆಯಲು ಧೈರ್ಯ ಇಲ್ಲ, ಕೊನೆಗೆ ಡಬ್ಬ ಸಮೇತ ಕಸಕ್ಕೆ.

ನಿಮ್ಮ ಆ್ಯಪ್ ಅಚ್ಚಾದ ದಿನಾಂಕದ ಹಿಂದೆ ಬಿದ್ದಿದೆ. ಪ್ಯಾಕೆಟ್ ತೆರೆಯುವವರೆಗೆ ಮಾತ್ರ ಅದಕ್ಕೆ ಬೆಲೆ. ತೆರೆದ ಮೇಲೆ ಲೆಕ್ಕ ಬೇರೆ. 'ಯಾವತ್ತು ತೆರೆದಿರಿ' ಅಂತ ಕೇಳಿ, 'ಯಾವತ್ತು ಕೊಂಡಿರಿ' ಅಂತಲ್ಲ.

ಇನ್ನೊಂದು, ಇದರಲ್ಲಿ ತಮಾಷೆ ಬೇಡ. 'ಬೆಸ್ಟ್ ಬಿಫೋರ್' ಬೇರೆ, 'ಯೂಸ್ ಬೈ' ಬೇರೆ. ಮೊದಲನೆಯದು ರುಚಿ, ಗರಿಗರಿ, ಘಮದ ಮಾತು. ಸರಿಯಾಗಿ ಇಟ್ಟಿದ್ದರೆ ಆ ದಿನ ದಾಟಿದ ಬಿಸ್ಕತ್ತನ್ನು ನೋಡಿ, ಮೂಸಿ, ತಿನ್ನಬಹುದು. ಎರಡನೆಯದು ಸುರಕ್ಷತೆಯ ಮಾತು. ಆ ದಿನ ದಾಟಿದ ಮಾಂಸವನ್ನು ಮೂಸಿ ನೋಡಿ ತೀರ್ಮಾನ ಮಾಡಬಾರದು, ಕಾಯಿಲೆ ತರುವ ಎಷ್ಟೋ ಬ್ಯಾಕ್ಟೀರಿಯಾಗಳಿಗೆ ವಾಸನೆಯೇ ಇಲ್ಲ. ಎರಡಕ್ಕೂ ಒಂದೇ ಕೆಂಪು ಬಣ್ಣ ಕೊಟ್ಟರೆ ನಿಮ್ಮ ಆ್ಯಪೇ ಒಳ್ಳೆಯ ಆಹಾರ ಬಿಸಾಡಿಸುತ್ತದೆ. ಎಲ್ಲ ದೇಶದಲ್ಲೂ ಲೇಬಲ್ ನಿಯಮ ಒಂದೇ ಅಲ್ಲ, ಅದನ್ನೂ ನೋಡಿಕೊಳ್ಳಿ. ಬೇಯಿಸಿದ್ದನ್ನು ಹೊರಗೆ 2 ಗಂಟೆಗಿಂತ ಜಾಸ್ತಿ ಇಡಬಾರದು, ಫ್ರಿಜ್ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರಬೇಕು, ಇದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುವ ಮಾತು. ಅನ್ನದ ವಿಷಯದಲ್ಲಿ ಇನ್ನೂ ಹುಷಾರು. ಹೊರಗೇ ಬಿಟ್ಟ ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ, ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ 'ಉಳಿದದ್ದನ್ನು ಬಿಸಾಡಬೇಡಿ' ಅಂತ ಎಲ್ಲದಕ್ಕೂ ಒಂದೇ ರಾಗ ಹಾಡಬೇಡಿ.

ಸೇಬು, ಬಾಳೆ, ಟೊಮೆಟೊ ಹಣ್ಣಾಗುವಾಗ ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ. ಪಕ್ಕದಲ್ಲೇ ಸೊಪ್ಪು ಇಟ್ಟರೆ ಬೇಗ ಹಳದಿಯಾಗುತ್ತದೆ. ಇಂಥ ಒಂದು ಸಣ್ಣ ಮಾತನ್ನು ಸಾಮಾನು ಜೋಡಿಸುವ ಹೊತ್ತಿಗೆ ಹೇಳಿದರೆ ನೂರು ಬ್ಯಾಡ್ಜಿಗಿಂತ ಮೇಲು.

ಮತ್ತೆ ಕೈ ಸುಟ್ಟುಕೊಂಡವನು

ಯಾವುದು ಎಷ್ಟು ದಿನ ಇರುತ್ತದೆ ಅನ್ನುವ ಮಾಹಿತಿಗೆ ಅಮೆರಿಕದ ಕೃಷಿ ಇಲಾಖೆಯ 'ಫುಡ್‌ಕೀಪರ್' ನೋಡಿ. ಆ್ಯಪ್ 2015ರಲ್ಲಿ ಬಂತು, ಹಿಂದಿರುವ ಡೇಟಾ ಮುಕ್ತವಾಗಿ ಸಿಗುತ್ತದೆ. ಫ್ರಿಜ್‌ನಲ್ಲಿ ಇಷ್ಟು, ಫ್ರೀಜರ್‌ನಲ್ಲಿ ಇಷ್ಟು, ಹೊರಗೆ ಇಷ್ಟು ಅಂತ ಬೇರೆ ಬೇರೆ ಕೊಟ್ಟಿದ್ದಾರೆ. ನಿಮ್ಮ ಊರಿನ ಸಾಮಾನಿಗೆ ನೀವೇ ಹೊಂದಿಸಿಕೊಳ್ಳಬೇಕು. ಅಲ್ಲಿ '3ರಿಂದ 5 ದಿನ' ಅಂತ ಇದ್ದರೆ ಹಾಗೆಯೇ ತೋರಿಸಿ, ಒಂದೇ ದಿನ ಹೇಳಿ ಪಂಡಿತರಾಗಬೇಡಿ.

ಅಡುಗೆ ಸಲಹೆಯಿಂದ ಬೇಸತ್ತವಳು

ನನ್ನ ಹತ್ತಿರ ಅರ್ಧ ಎಲೆಕೋಸು ಇತ್ತು. ಆ್ಯಪ್ ಒಂದು ಅಡುಗೆ ಹೇಳಿತು. ಅದಕ್ಕೆ ಬೇಕಾದ ಇನ್ನೂ ಐದು ಸಾಮಾನು ತಂದೆ. ಎಲೆಕೋಸು ಮುಗಿಯಿತು, ಆ ಐದರಲ್ಲಿ ಮೂರು ಕೊಳೆಯಿತು. ಅಳತೆ ಸಮೇತ ಅಡುಗೆ ಬೇಡ ಮಾರಾಯ್ರೆ. 'ಯಾವುದೇ ತರಕಾರಿ, ಒಗ್ಗರಣೆ, ಜೊತೆಗೆ ನಿನ್ನೆಯ ಅನ್ನ' ಅನ್ನುವ ಥರ ಸಡಿಲವಾಗಿ ಹೇಳಿದರೆ ಸಾಕು.

ಲೆಕ್ಕ ಕೇಳುವವನು

ಹಾಳಾಗುವುದು ಕಡಿಮೆ ಆಯಿತು ಅಂತ ಹೇಗೆ ತಿಳಿಯುತ್ತೀರಿ? ಆ್ಯಪಿನಲ್ಲಿ ಒತ್ತಿದ ಬಟನ್ ಎಣಿಸಿದರೆ ಆಗಲ್ಲ, ಮೇಲೆ ಒಬ್ಬರು ಒಪ್ಪಿಕೊಂಡಿದ್ದಾರಲ್ಲ. ಕಸ ತೂಗಿ. ಆ್ಯಪ್ ಕೊಡುವ ಮುಂಚೆ ಒಂದು ವಾರ, ಕೊಟ್ಟು ಎರಡು ತಿಂಗಳಾದ ಮೇಲೆ ಒಂದು ವಾರ. ಸಿಪ್ಪೆ, ಮೂಳೆ ಬೇರೆ, ತಿನ್ನಬಹುದಾಗಿದ್ದದ್ದು ಬೇರೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಕೊಟ್ಟ ವರದಿಯಲ್ಲಿ, 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ಹೀಗೆ ಹೋಯಿತು, ಅದರಲ್ಲಿ ಶೇ. 60 ಮನೆಗಳಿಂದ, ಅಂದರೆ ಮನೆಗಳಿಂದಲೇ ತಲೆಗೆ ವರ್ಷಕ್ಕೆ 79 ಕಿಲೋ ಅಂತ ಇದೆ. ಆ ಲೆಕ್ಕದಲ್ಲಿ ಸಿಪ್ಪೆ, ಮೂಳೆಯೂ ಸೇರಿದೆ. ನಿಮ್ಮ ತೂಕವನ್ನು ಇದರ ಜೊತೆ ಹೋಲಿಸುವಾಗ ಮರೆಯಬೇಡಿ. ಆಮೇಲೆ, ದಯವಿಟ್ಟು ಈ ಅಂಕಿಯನ್ನು ಆ್ಯಪಿನ ಮೊದಲ ಪರದೆಯಲ್ಲಿ ಹಾಕಬೇಡಿ. 105 ಕೋಟಿ ಟನ್ ಓದಿ ಯಾರೂ ಎದ್ದು ಹೋಗಿ ಫ್ರಿಜ್ ತೆರೆಯುವುದಿಲ್ಲ.

ಓಲಿಯೋ, ಟೂ ಗುಡ್ ಟು ಗೋ ಅನ್ನುವ ಆ್ಯಪ್‌ಗಳ ಥರ ಮಾಡಬಹುದಲ್ಲ ಅಂತ ಯಾರಾದರೂ ಹೇಳುತ್ತಾರೆ. ಎರಡೂ 2015ರಲ್ಲಿ ಹುಟ್ಟಿದವು, ಎರಡೂ ಮಿಕ್ಕಿದ್ದನ್ನು ಇನ್ನೊಬ್ಬರಿಗೆ ದಾಟಿಸುವ ಕೆಲಸ ಮಾಡುತ್ತವೆ. ನಿಮ್ಮದು ಮಿಗದಂತೆ ನೋಡಿಕೊಳ್ಳುವ ಕೆಲಸ. ಬೆರೆಸಿದರೆ ಎರಡೂ ಕೆಡುತ್ತವೆ.

ಕೇಳಿದವರು, ಮೂರು ವಾರದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಕೋಡ್ ಬರೆಯುವುದನ್ನು ನಿಲ್ಲಿಸಿದೆವು. ಗೊತ್ತಿರುವ ಐದು ಮನೆಗಳ ಫ್ರಿಜ್ ಬಾಗಿಲಿಗೆ ಒಂದೊಂದು ಚೀಟಿ ಅಂಟಿಸಿ, ಮೇಲೆ 'ಮೊದಲು ಇದನ್ನು ಮುಗಿಸಿ' ಅಂತ ಬರೆದು, ಕೆಳಗೆ ಮೂರು ಗೆರೆ ಎಳೆದು ಬಂದೆವು. ಟೇಪ್, ಮಾರ್ಕರ್ ಕೂಡ ಕೊಟ್ಟೆವು. ಎರಡು ವಾರ ಬಿಟ್ಟು ಹೋಗಿ ನೋಡಿದರೆ ಮೂರು ಮನೆಯಲ್ಲಿ ಚೀಟಿ ತುಂಬಿ, ಹೊಡೆದು ಹಾಕಿ, ಮತ್ತೆ ತುಂಬಿತ್ತು. ಬರೆದವರ ಕೈಬರಹ ಬೇರೆ ಬೇರೆ, ಅಂದರೆ ಮನೆಯವರೆಲ್ಲ ಬರೆದಿದ್ದಾರೆ. ಒಂದು ಮನೆಯಲ್ಲಿ ಚೀಟಿ ಖಾಲಿ. ಇನ್ನೊಂದರಲ್ಲಿ ಅದರ ಮೇಲೆ ಹಾಲಿನ ಲೆಕ್ಕ ಬರೆದಿದ್ದರು. ಬುಟ್ಟಿಗೆ ಹೋಗುವುದು ಎಲ್ಲ ಮನೆಯಲ್ಲೂ ಹೆಚ್ಚು ಕಡಿಮೆ ಅವೇ ನಾಲ್ಕು: ಸೊಪ್ಪು, ಬ್ರೆಡ್, ಹಿಂದಿನ ದಿನದ ಅಡುಗೆ, ಅರ್ಧ ಕತ್ತರಿಸಿಟ್ಟ ತರಕಾರಿ. ನಲವತ್ತು ಸಾಮಾನಿನ ಪಟ್ಟಿ ಯಾರಿಗೂ ಬೇಕಿರಲಿಲ್ಲ ಅನ್ನಿ.

ಈಗ ಆ್ಯಪಿಗೆ ಉಳಿದ ಕೆಲಸ ಎರಡೇ ಅನಿಸುತ್ತಿದೆ. ಮನೆಯವರೆಲ್ಲರ ಫೋನಿನಲ್ಲೂ ಅದೇ ಮೂರು ಸಾಲು ಕಾಣಬೇಕು. ಅಂಗಡಿಯಲ್ಲಿ ನಿಂತಾಗ 'ಸೊಪ್ಪು ಇನ್ನೂ ಇದೆ' ಅಂತ ಗೊತ್ತಾಗಬೇಕು, ಚೀಟಿಗೆ ಅದು ಆಗುವುದಿಲ್ಲ. ಬಾಯಲ್ಲಿ ಹೇಳಿ ಸೇರಿಸುವುದನ್ನೂ ನೋಡುತ್ತಿದ್ದೇವೆ, ಕೈ ಒದ್ದೆ ಇರುತ್ತದಲ್ಲ. ಒಂದೇ ಸಮಸ್ಯೆ, ಚೀಟಿ ಖಾಲಿ ಇದ್ದ ಮನೆಯವರನ್ನು ಕೇಳಿದರೆ ಮಾರ್ಕರ್ ಎರಡನೇ ದಿನವೇ ಕಳೆದುಹೋಯಿತಂತೆ.

ಹೋಟೆಲ್ ಅಡುಗೆಮನೆಯಲ್ಲಿ ಇರುವವನು

ದಾರ ಕಟ್ಟಿ ಫ್ರಿಜ್ ಹಿಡಿಗೆ ನೇತುಹಾಕಿ. ನಮ್ಮಲ್ಲೂ ಹಾಗೇ.